ಬಂದೂಕಿನ ಅರ್ಜಿ ತಿರಸ್ಕೃತವಾದರೆ ಮುಂದೇನು?

ಗದಗ ಜಿಲ್ಲೆಯ ಕಳಸಾಪುರದ ಸುತ್ತಲಿನ ಹೊಲಗಳಲ್ಲಿ ಗೋವಿನಜೋಳ ತೆನೆ ಕಟ್ಟುವಾಗ, ಶೇಂಗಾ ಕಾಯಿ ಬಲಿಯುವಾಗ ರೈತರಿಗೆ ರಾತ್ರಿ ನಿದ್ದೆ ಇರುವುದಿಲ್ಲ. ಗುಡ್ಡದ ಕಡೆಯಿಂದ ಹಂದಿ ಇಳಿಯುತ್ತವೆ. ಎರಿ ಹೊಲದಲ್ಲಿ ಚಿಗರಿ ಹಿಂಡು ಹೊಕ್ಕರೆ ಬೆಳಗಾಗುವಷ್ಟರಲ್ಲಿ ಎಳೆ ಪೈರು ನೆಲಸಮ. ಆಗ ಕಟ್ಟೆಯ ಮೇಲೆ ಬರುವ ಮಾತು ಒಂದೇ: ಬಂದೂಕಿಗೆ ಲೈಸೆನ್ಸ್ ಸಿಗುತ್ತದೆಯೇ? ಕೊಡದಿದ್ದರೆ ಕೋರ್ಟಿಗೆ ಹೋಗಬಹುದೇ? ಮೊಬೈಲಿನಲ್ಲಿ ಅಮೆರಿಕದ ವಿಡಿಯೊ ನೋಡಿದ ಹುಡುಗರು ಇನ್ನೊಂದು ಪ್ರಶ್ನೆ ಸೇರಿಸುತ್ತಾರೆ. ಅಲ್ಲಿ ಬಂದೂಕಿನ ಸೈಲೆನ್ಸರ್ ನಿಷೇಧಿಸಿದ್ದಕ್ಕೆ ಜನ ಸರಕಾರದ ಮೇಲೆ ದಾವೆ ಹಾಕುತ್ತಾರಂತೆ, ನಮ್ಮಲ್ಲಿ ಯಾಕಾಗದು?

ಕಡೆಯ ಪ್ರಶ್ನೆಯಿಂದಲೇ ಶುರು ಮಾಡೋಣ. ಅದಕ್ಕೆ ಉತ್ತರ ಸಿಕ್ಕರೆ ಮೊದಲೆರಡು ಪ್ರಶ್ನೆಗಳ ಗಂಟೂ ಬಿಚ್ಚಿಕೊಳ್ಳುತ್ತದೆ.

ಸೈಲೆನ್ಸರ್ ಎಂದರೆ ನಳಿಕೆಯ ತುದಿಗೆ ತಿರುಗಿಸಿ ಕೂರಿಸುವ ಒಂದು ಕೊಳವೆ. ಒಳಗೆ ಸಾಲಾಗಿ ತಡೆಬಿಲ್ಲೆಗಳು ಇರುತ್ತವೆ. ಮದ್ದು ಉರಿದು ಹುಟ್ಟಿದ ಬಿಸಿ ಅನಿಲ ಒಮ್ಮೆಗೇ ಹೊರಗೆ ಸಿಡಿಯದೆ, ಆ ಬಿಲ್ಲೆಗಳ ನಡುವೆ ಸುತ್ತಾಡಿ ತಣಿದು, ವೇಗ ಕಳೆದುಕೊಂಡು ಹೊರಬರುತ್ತದೆ. 150 ಡೆಸಿಬೆಲ್ ದಾಟುವ ಸದ್ದು 20ರಿಂದ 30 ಡೆಸಿಬೆಲ್‌ನಷ್ಟು ಇಳಿಯುತ್ತದೆ. ಸಿನಿಮಾದಲ್ಲಿ ಕೇಳುವ ಪಿಸುಗುಟ್ಟುವ ಸದ್ದು ನಿಜದಲ್ಲಿ ಇಲ್ಲ. ಹಿರಾಂ ಪರ್ಸಿ ಮ್ಯಾಕ್ಸಿಮ್ ಎಂಬಾತ 1909ರಲ್ಲಿ ಇದಕ್ಕೆ ಅಮೆರಿಕದಲ್ಲಿ ಪೇಟೆಂಟ್ ಪಡೆದ. 1934ರ ಕಾನೂನು ಇದರ ನೋಂದಣಿಯನ್ನು ಕಡ್ಡಾಯ ಮಾಡಿ 200 ಡಾಲರ್ ತೆರಿಗೆ ಹಾಕಿತು. ಆ ತೆರಿಗೆ 2026ರ ಜನವರಿ 1ರಿಂದ ಸೊನ್ನೆಗೆ ಇಳಿದಿದೆ, ನೋಂದಣಿ ಮಾತ್ರ ಉಳಿದಿದೆ. ಅಲ್ಲಿನ 42 ರಾಜ್ಯಗಳಲ್ಲಿ ಇದನ್ನು ಇಟ್ಟುಕೊಳ್ಳಲು ಅವಕಾಶವಿದೆ. ಕ್ಯಾಲಿಫೋರ್ನಿಯಾ, ನ್ಯೂಯಾರ್ಕ್, ನ್ಯೂಜೆರ್ಸಿ, ಇಲಿನಾಯ್ ಸೇರಿ ಎಂಟು ರಾಜ್ಯಗಳು ಜನಸಾಮಾನ್ಯರಿಗೆ ಪೂರ್ತಿ ನಿಷೇಧಿಸಿವೆ.

ಆ ನಿಷೇಧವನ್ನು ಪ್ರಶ್ನಿಸುವವರ ಕೈಯಲ್ಲಿರುವುದು ಅವರ ಸಂವಿಧಾನದ ಎರಡನೇ ತಿದ್ದುಪಡಿ. ಆಯುಧ ಇಟ್ಟುಕೊಳ್ಳುವುದು ಅಲ್ಲಿ ಮೂಲಭೂತ ಹಕ್ಕು. 2022ರ ಜೂನ್‌ನಲ್ಲಿ ನ್ಯೂಯಾರ್ಕ್‌ನ ಪ್ರಕರಣವೊಂದರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್, ಬಂದೂಕಿನ ಮೇಲಿನ ಯಾವುದೇ ನಿರ್ಬಂಧ ಆ ದೇಶದ ಹಳೆಯ ಪರಂಪರೆಗೆ ಹೊಂದಬೇಕು, ಹೊಂದುತ್ತದೆ ಎಂದು ಸಾಧಿಸುವ ಹೊಣೆ ಸರಕಾರದ್ದು ಎಂದಿತು. ಅಂದಿನಿಂದ ವಾದ ಒಂದು ಬಿಂದುವಿಗೆ ಬಂದು ನಿಂತಿದೆ: ಸೈಲೆನ್ಸರ್ ಆಯುಧವೋ ಅಥವಾ ಬರೀ ಬಿಡಿಭಾಗವೋ? ಐದನೇ ಸರ್ಕಿಟ್ ಮೇಲ್ಮನವಿ ನ್ಯಾಯಾಲಯ 2025ರ ಫೆಬ್ರವರಿಯಲ್ಲಿ ಅದು ಆಯುಧವಲ್ಲ ಎಂದು ಹೇಳಿತು. ಅದೇ ವರ್ಷದ ಆಗಸ್ಟ್‌ನಲ್ಲಿ ಆ ತೀರ್ಪನ್ನು ಹಿಂಪಡೆಯಿತು. ಸಂವಿಧಾನದ ರಕ್ಷಣೆ ಇದೆ ಎಂದೇ ಇಟ್ಟುಕೊಂಡರೂ 1934ರ ನೋಂದಣಿ ನಿಯಮ ಊರ್ಜಿತ ಎಂದು ಹೊಸದಾಗಿ ಬರೆಯಿತು. ನೋಂದಣಿ ಬೇರೆ, ಪೂರ್ತಿ ನಿಷೇಧ ಬೇರೆ. ಹಾಗಾಗಿ ಎಂಟು ರಾಜ್ಯಗಳ ನಿಷೇಧದ ಪ್ರಶ್ನೆ ಇತ್ಯರ್ಥವಾಗಿಲ್ಲ.

ನಮ್ಮಲ್ಲಿ ಈ ವಾದಕ್ಕೆ ಎಡೆಯೇ ಇಲ್ಲ. 1959ರ ಆಯುಧ ಅಧಿನಿಯಮದ 2ನೇ ಕಲಮು ಬಂದೂಕು ಎಂದರೇನು ಎಂದು ವಿವರಿಸುವಾಗಲೇ, ಸಿಡಿತದ ಸದ್ದನ್ನೋ ಬೆಳಕನ್ನೋ ತಗ್ಗಿಸುವ ಉಪಕರಣವನ್ನೂ ಅದರೊಳಗೆ ಸೇರಿಸಿಬಿಟ್ಟಿದೆ. ಅಂದರೆ ಸೈಲೆನ್ಸರ್ ಒಂದೇ ಇದ್ದರೂ ಕಾನೂನಿನ ಕಣ್ಣಿಗೆ ಅದು ಬಂದೂಕೇ. ನಿಯಮಗಳ ಅನುಸೂಚಿಯಲ್ಲಿ ಅದರ ಜಾಗ ಒಂದನೇ ವರ್ಗದಲ್ಲಿ, ನಿಷೇಧಿತ ಆಯುಧಗಳ ಸಾಲಿನಲ್ಲಿ. ವೆಲ್ಡಿಂಗ್ ಅಂಗಡಿಯಲ್ಲಿ ಪೈಪು ಕೊರೆಸಿ ಮಾಡಿಸಿಕೊಂಡರೆ ಪರವಾನಗಿ ಇಲ್ಲದೆ ಆಯುಧ ತಯಾರಿಸಿದ ಅಪರಾಧವಾಗುತ್ತದೆ. ಅದಕ್ಕೆ ಕನಿಷ್ಠ 7 ವರ್ಷ ಜೈಲು, ಗರಿಷ್ಠ ಜೀವಾವಧಿ. ಮಾಡಿಕೊಟ್ಟ ಕಮ್ಮಾರನೂ ತಪ್ಪಿಸಿಕೊಳ್ಳಲಾರ. ಹಾಗೆ ನೋಡಿದರೆ ಹೊಲ ಕಾಯುವವನಿಗೆ ಸೈಲೆನ್ಸರ್ ಬೇಕಾಗಿಯೂ ಇಲ್ಲ. ಬಂದೂಕಿನಿಂದ ಅವನಿಗೆ ಆಗುವ ಉಪಕಾರ ಬಹುಪಾಲು ಅದರ ಸದ್ದಿನದೇ. ಗಾಳಿಗೆ ಒಂದು ಬಾರು ಹಾರಿಸಿದರೆ ಹಂದಿ ಹಿಂಡು ಹೊಲ ಬಿಟ್ಟು ಓಡುತ್ತದೆ. ಸದ್ದು ಅಡಗಿಸಬೇಕಾದವನು ಕಳ್ಳಬೇಟೆಗಾರ.

ಹಕ್ಕಲ್ಲ, ಪರವಾನಗಿ

ಇನ್ನು ಮೂಲದ ಮಾತು. ನಮ್ಮ ಸಂವಿಧಾನದಲ್ಲಿ ಆಯುಧ ಹೊಂದುವ ಹಕ್ಕು ಇಲ್ಲ. ಸೇರಿಸಬೇಕೆಂಬ ಪ್ರಯತ್ನ ನಡೆಯದೇ ಇರಲಿಲ್ಲ. 1931ರ ಕರಾಚಿ ಕಾಂಗ್ರೆಸ್‌ನ ನಿರ್ಣಯದಲ್ಲಿ, ನಿಯಮಗಳಿಗೆ ಒಳಪಟ್ಟು ಆಯುಧ ಇಟ್ಟುಕೊಳ್ಳುವ ಹಕ್ಕು ನಾಗರಿಕರಿಗೆ ಇರಬೇಕೆಂಬ ಅಂಶವಿತ್ತು. 1948ರ ಡಿಸೆಂಬರ್‌ನಲ್ಲಿ ಸಂವಿಧಾನ ಸಭೆಯಲ್ಲಿ ಮಂಗಳೂರು ಮೂಲದ ಎಚ್.ವಿ. ಕಾಮತ್ ಇದಕ್ಕಾಗಿಯೇ ತಿದ್ದುಪಡಿ ಮಂಡಿಸಿದರು. ಡಾ. ಅಂಬೇಡ್ಕರ್ ಒಪ್ಪಲಿಲ್ಲ, ತಿದ್ದುಪಡಿ ಬಿದ್ದುಹೋಯಿತು. 2023ರ ಫೆಬ್ರವರಿಯಲ್ಲಿ ನ್ಯಾಯಮೂರ್ತಿಗಳಾದ ಕೆ.ಎಂ. ಜೋಸೆಫ್ ಮತ್ತು ಬಿ.ವಿ. ನಾಗರತ್ನ ಅವರ ಸುಪ್ರೀಂ ಕೋರ್ಟ್ ಪೀಠ, ಅಕ್ರಮ ಬಂದೂಕುಗಳ ಹಾವಳಿಯ ಬಗ್ಗೆ ತಾನಾಗಿಯೇ ವಿಚಾರಣೆ ಎತ್ತಿಕೊಂಡಾಗ, ಅಮೆರಿಕದಲ್ಲಿರುವಂಥ ಹಕ್ಕು ಇಲ್ಲಿಲ್ಲ ಎಂಬುದನ್ನು ಎತ್ತಿ ಹೇಳಿತು.

ಕಾಮತರ ತಿದ್ದುಪಡಿಯ ಹಿಂದೆ ಇದ್ದದ್ದು ಬ್ರಿಟಿಷರು ನಮ್ಮ ಜನರ ಆಯುಧ ಕಿತ್ತುಕೊಂಡ ನೆನಪು. ಆ ನೆನಪು ಗದಗ ಸೀಮೆಯವರಿಗೆ ಪಠ್ಯಪುಸ್ತಕದ ಸಂಗತಿಯಲ್ಲ, ಮನೆಯ ಸಂಗತಿ. 1857ರಲ್ಲಿ ಕಂಪನಿ ಸರಕಾರ ಶಸ್ತ್ರಗಳನ್ನು ನೋಂದಾಯಿಸಿ ಒಪ್ಪಿಸಬೇಕೆಂಬ ಕಾನೂನು ತಂದಿತು. ಮುಧೋಳ ಸೀಮೆಯ ಹಲಗಲಿಯ ಬೇಡರು ಕೊಡುವುದಿಲ್ಲ ಎಂದರು. ಆ ವರ್ಷದ ನವೆಂಬರ್ ಕೊನೆಯಲ್ಲಿ ಸೈನ್ಯ ಬಂದು ಊರಿಗೆ ಬೆಂಕಿ ಇಟ್ಟಿತು, ಸೆರೆ ಸಿಕ್ಕವರನ್ನು ಗಲ್ಲಿಗೇರಿಸಿತು. ಮರುವರ್ಷದ ಮೇ ತಿಂಗಳಲ್ಲಿ ಮುಂಡರಗಿ ಭೀಮರಾಯರು ಹಮ್ಮಿಗಿಯ ಕೆಂಚನಗೌಡರ ಜೊತೆ ಎದ್ದುನಿಂತರು. ಹಮ್ಮಿಗಿಯಲ್ಲಿ ಅಧಿಕಾರಿಗಳು ಮೊಹರು ಹಾಕಿಸಿದ್ದ ಶಸ್ತ್ರಗಳನ್ನು ಬಿಡಿಸಿಕೊಂಡು, ಡಂಬಳದ ಖಜಾನೆ ವಶಪಡಿಸಿಕೊಂಡು ಕೊಪ್ಪಳದ ಕೋಟೆ ಸೇರಿದರು. 1858ರ ಜೂನ್ 1ರಂದು ಅಲ್ಲೇ ಹುತಾತ್ಮರಾದರು. ಅದೇ ದಿನಗಳಲ್ಲಿ ನರಗುಂದದ ಬಾಬಾಸಾಹೇಬರೂ ಎದ್ದು ಬೆಳಗಾವಿಯಲ್ಲಿ ಗಲ್ಲಿಗೇರಿದರು. ಬಂದೂಕಿನ ಕಾನೂನಿನ ವಿರುದ್ಧ ನಮ್ಮವರು ತೋರಿದ ಪ್ರತಿಭಟನೆ ಇದು. ಆಗ ಅರ್ಜಿಯೂ ಇರಲಿಲ್ಲ, ಮೇಲ್ಮನವಿಯೂ ಇರಲಿಲ್ಲ. ಈಗ ಎರಡೂ ಇವೆ. ಅವನ್ನು ಸರಿಯಾಗಿ ಬಳಸುವವರು ಮಾತ್ರ ಕಡಿಮೆ.

ಕರ್ನಾಟಕದಲ್ಲಿ ಬಂದೂಕಿನ ನಿಯಮವನ್ನು ಸಂವಿಧಾನದ ಆಧಾರದ ಮೇಲೆಯೇ ಪ್ರಶ್ನಿಸಿದ ದೊಡ್ಡ ಪ್ರಕರಣ ಕೊಡಗಿನದು. ಕೊಡವ ಜನಾಂಗದವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ ಪರವಾನಗಿಯಿಂದ ವಿನಾಯಿತಿ ಬ್ರಿಟಿಷರ ಕಾಲದಿಂದಲೂ ಇದೆ. ಸ್ವಾತಂತ್ರ್ಯಾನಂತರ 1963ರಲ್ಲಿ, ಮತ್ತೆ 2019ರ ಅಕ್ಟೋಬರ್ 29ರಂದು ಕೇಂದ್ರ ಸರಕಾರ ಅಧಿಸೂಚನೆ ಹೊರಡಿಸಿ ಅದನ್ನು ಮುಂದುವರಿಸಿತು. ಜನಾಂಗ ಮತ್ತು ಭೂಮಿಯ ಆಧಾರದಲ್ಲಿ ಕೆಲವರಿಗೆ ಮಾತ್ರ ಸವಲತ್ತು ಕೊಡುವುದು ಸಮಾನತೆಗೆ ವಿರುದ್ಧ ಎಂದು ನಿವೃತ್ತ ಸೇನಾಧಿಕಾರಿಯೊಬ್ಬರು ಹೈಕೋರ್ಟಿಗೆ ಹೋದರು. 2021ರ ಸೆಪ್ಟೆಂಬರ್ 22ರಂದು ವಿಭಾಗೀಯ ಪೀಠ ಅರ್ಜಿ ವಜಾ ಮಾಡಿತು. ಇದು ಹಿಂದಿನಿಂದ ಬಂದ ವಿನಾಯಿತಿ, ಹತ್ತು ವರ್ಷದ ಮಿತಿಯೂ ಷರತ್ತುಗಳೂ ಇವೆ, ಆದ್ದರಿಂದ ಸಂವಿಧಾನಕ್ಕೆ ವಿರುದ್ಧವಲ್ಲ ಎಂದಿತು. ಇದರಿಂದ ತಿಳಿಯುವುದು ಏನೆಂದರೆ, ಕಾನೂನೇ ತಪ್ಪು ಎಂದು ವಾದಿಸಿ ಗೆಲ್ಲುವುದು ಇಲ್ಲಿ ಬಹಳ ಕಷ್ಟ. ಆದರೆ ಕಾನೂನನ್ನು ಅಧಿಕಾರಿ ಪಾಲಿಸಲಿಲ್ಲ ಎಂದು ವಾದಿಸಿ ಗೆಲ್ಲಲು ದಾರಿ ಇದೆ. ಸಾಮಾನ್ಯ ರೈತ ಹಿಡಿಯಬೇಕಾದದ್ದು ಆ ದಾರಿ.

ಅರ್ಜಿ ಹೇಗೆ ಸಾಗುತ್ತದೆ

ಅರ್ಜಿದಾರನಿಗೆ 21 ವರ್ಷ ತುಂಬಿರಬೇಕು. 2016ರ ಆಯುಧ ನಿಯಮಗಳ ನಮೂನೆ ಎ-1ರಲ್ಲಿ ಜಿಲ್ಲಾಧಿಕಾರಿಗೆ ಅರ್ಜಿ ಹೋಗಬೇಕು. ಗುರುತು ಮತ್ತು ವಿಳಾಸದ ದಾಖಲೆ, ವೈದ್ಯರ ಪ್ರಮಾಣಪತ್ರ, ಆಯುಧ ಸುರಕ್ಷತೆಯ ತರಬೇತಿ ಪತ್ರ, ಮನೆಯಲ್ಲಿ ಭದ್ರವಾಗಿ ಇಡುತ್ತೇನೆಂಬ ಮುಚ್ಚಳಿಕೆ ಇರಬೇಕು. ಬೆಳೆ ರಕ್ಷಣೆಗೆ ಕೇಳುವವರು ಪಹಣಿಯನ್ನು ಮರೆಯಬಾರದು.

ಬೆಳೆ ರಕ್ಷಣೆಯ ಅರ್ಜಿಗೆ ಕಾನೂನಿನಲ್ಲಿಯೇ ಒಂದು ಬಲವಿದೆ. ಅದನ್ನು ತಿಳಿದವರು ಕಡಿಮೆ. ಅಧಿನಿಯಮದ 13(3) ಕಲಮಿನ ಪ್ರಕಾರ, ನಿಜವಾಗಿ ಬೆಳೆ ಕಾಯಲು ನಳಿಕೆಯ ಬಾಯಿಂದ ಮದ್ದು ತುಂಬುವ ಬಂದೂಕು ಕೇಳಿದರೆ, ಬೇರೆ ಅಡ್ಡಿಗಳು ಇಲ್ಲದಿದ್ದಲ್ಲಿ, ಪರವಾನಗಿ ಕೊಡತಕ್ಕದ್ದು ಎಂದಿದೆ. ಪರವಾನಗಿ ಪುಸ್ತಕದಲ್ಲಿ ಇದನ್ನು ಎಸ್‌ಬಿಎಂಎಲ್ ಎಂದು ಬರೆಯುತ್ತಾರೆ. ಕೇಪು ಇಟ್ಟು ಹಾರಿಸುವ ಒಂಟಿ ನಳಿಕೆಯ ಬಂದೂಕು ಇದು. ಹೊಲಕ್ಕೆ ಇದು ಸಾಲದು ಎಂದು ಅಧಿಕಾರಿಗೆ ಮನವರಿಕೆ ಆದರೆ ತೋಟಾ ಹಾಕುವ ಬಂದೂಕಿಗೂ ಕೊಡಬಹುದು. ಅವು ಎಸ್‌ಬಿಬಿಎಲ್ ಅಥವಾ ಜೋಡು ನಳಿಕೆಯ ಡಿಬಿಬಿಎಲ್. ಆತ್ಮರಕ್ಷಣೆಗೆಂದು ಪಿಸ್ತೂಲು, ರಿವಾಲ್ವರ್ ಕೇಳಿದರೆ ಸಕಾರಣ ತೋರಿಸುವ ಭಾರ ಅರ್ಜಿದಾರನ ಮೇಲೆಯೇ ಬೀಳುತ್ತದೆ. ಆದ್ದರಿಂದ ಹೊಲದ ಹೆಸರಿನಲ್ಲಿ ರಿವಾಲ್ವರ್ ಕೇಳಬೇಡಿ. ಅಂಥ ಅರ್ಜಿಯನ್ನು ಯಾರೂ ನಂಬುವುದಿಲ್ಲ. ನಿಜವಾದ ರೈತರ ಅರ್ಜಿಗಳ ಮೇಲೂ ಅನುಮಾನ ಹುಟ್ಟುತ್ತದೆ.

ಅರ್ಜಿ ಠಾಣೆಗೆ ಹೋಗುತ್ತದೆ. ಪೊಲೀಸರು 30 ದಿನದೊಳಗೆ ವರದಿ ಕೊಡಬೇಕು. ವರದಿ ಬಂದ ಮೇಲೆ 60 ದಿನದಲ್ಲಿ ಜಿಲ್ಲಾಧಿಕಾರಿ ಕೊಡುತ್ತೇನೆ ಅಥವಾ ಕೊಡುವುದಿಲ್ಲ ಎಂದು ಲಿಖಿತವಾಗಿ ತೀರ್ಮಾನಿಸಬೇಕು. ಅವಧಿಯೊಳಗೆ ವರದಿ ಬಾರದಿದ್ದರೆ ಅದಕ್ಕೆ ಕಾಯದೆಯೇ ತೀರ್ಮಾನಿಸುವ ಅಧಿಕಾರವೂ ಅವರಿಗಿದೆ. ವಾಸ್ತವದಲ್ಲಿ ಕಡತ ಒಂದು ಮೇಜಿನಿಂದ ಇನ್ನೊಂದಕ್ಕೆ ಹೋಗದೆ ತಿಂಗಳುಗಟ್ಟಲೆ ಬೀಳುವುದುಂಟು. ಅದಕ್ಕೇ ಅರ್ಜಿ ಕೊಟ್ಟ ದಿನದ ಸ್ವೀಕೃತಿ ಬಹಳ ಮುಖ್ಯ. ಸೀಲು, ದಿನಾಂಕ, ಟಪಾಲು ಸಂಖ್ಯೆ ಇರುವ ಒಂದು ಪ್ರತಿ ನಿಮ್ಮ ಕೈಯಲ್ಲಿರಲಿ.

ನಮ್ಮ ಜಿಲ್ಲೆಯವರು ಗಮನಿಸಲೇಬೇಕಾದ ಒಂದು ಅಡ್ಡಿ ಇದೆ. ಕಪ್ಪತಗುಡ್ಡ 2019ರಲ್ಲಿ ವನ್ಯಜೀವಿಧಾಮವಾಯಿತು. ಗದಗ, ಮುಂಡರಗಿ, ಶಿರಹಟ್ಟಿ ಸೀಮೆಗಳಲ್ಲಿ ಸುಮಾರು 244 ಚದರ ಕಿ.ಮೀ. ಅದರೊಳಗಿದೆ. 1972ರ ವನ್ಯಜೀವಿ ಸಂರಕ್ಷಣಾ ಅಧಿನಿಯಮದ 34ನೇ ಕಲಮಿನಂತೆ, ಅಭಯಾರಣ್ಯದಿಂದ 10 ಕಿ.ಮೀ. ವ್ಯಾಪ್ತಿಯಲ್ಲಿ ಮುಖ್ಯ ವನ್ಯಜೀವಿ ಪಾಲಕರ ಪೂರ್ವಸಮ್ಮತಿ ಇಲ್ಲದೆ ಹೊಸ ಬಂದೂಕು ಪರವಾನಗಿ ಕೊಡುವಂತಿಲ್ಲ. ಆ ವ್ಯಾಪ್ತಿಯಲ್ಲಿ ವಾಸಿಸುತ್ತ ಮೊದಲೇ ಬಂದೂಕು ಹೊಂದಿದವರು ಅರಣ್ಯ ಇಲಾಖೆಯಲ್ಲಿ ಹೆಸರು ನೋಂದಾಯಿಸಬೇಕು. ಕಳಸಾಪುರದವರು, ನಾಗಾವಿಯವರು, ಗುಡ್ಡದ ಅಂಚಿನ ಇತರ ಊರಿನವರು ತಮ್ಮ ಸರ್ವೆ ನಂಬರು ಗಡಿಯಿಂದ ಎಷ್ಟು ದೂರ ಎಂದು ಗದಗಿನ ಅರಣ್ಯ ಕಚೇರಿಯಲ್ಲಿ ಬರಹದಲ್ಲಿ ಕೇಳಿ ತಿಳಿದುಕೊಂಡೇ ಅರ್ಜಿ ಹಾಕುವುದು ಒಳ್ಳೆಯದು. ಈ ಒಂದು ಸಮ್ಮತಿ ಇಲ್ಲವೆಂಬ ಕಾರಣಕ್ಕೇ ಅರ್ಜಿ ಬಿದ್ದುಹೋದರೆ ಮುಂದೆ ಕೋರ್ಟಿನಲ್ಲಿಯೂ ಎತ್ತಿ ನಿಲ್ಲಿಸುವುದು ಕಷ್ಟ.

ಇಲ್ಲ ಎಂದಾಗ

ತಿರಸ್ಕರಿಸುವ ಅಧಿಕಾರ ಜಿಲ್ಲಾಧಿಕಾರಿಗೆ ಇದೆ, ಮನಸ್ಸಿಗೆ ಬಂದಂತೆ ತಿರಸ್ಕರಿಸುವ ಅಧಿಕಾರ ಇಲ್ಲ. 14ನೇ ಕಲಮು ಕಾರಣಗಳನ್ನು ಎಣಿಸಿದೆ: ಅರ್ಜಿದಾರನಿಗೆ ಕಾನೂನಿನಂತೆ ಅನರ್ಹತೆ ಇರುವುದು, ಬುದ್ಧಿ ಸ್ವಾಧೀನದಲ್ಲಿ ಇಲ್ಲದಿರುವುದು, ಸಾರ್ವಜನಿಕ ಶಾಂತಿಗೆ ಧಕ್ಕೆ. ಸಾಕಷ್ಟು ಆಸ್ತಿ ಇಲ್ಲ ಎಂಬ ಒಂದೇ ಕಾರಣಕ್ಕೆ ನಿರಾಕರಿಸಬಾರದು ಎಂದೂ ಅದೇ ಕಲಮಿನಲ್ಲಿ ಇದೆ. ಎರಡು ಎಕರೆಯ ರೈತ ಈ ಸಾಲನ್ನು ನೆನಪಿಡಬೇಕು. ನಿರಾಕರಿಸಿದರೆ ಕಾರಣ ಬರೆಯಬೇಕು. ನೀವು ಕೇಳಿದರೆ ಅದರ ಸಂಕ್ಷಿಪ್ತ ವಿವರಣೆ ಕೊಡಬೇಕು. ಸಾರ್ವಜನಿಕ ಹಿತಕ್ಕೆ ಬಾಧಕ ಎನಿಸಿದಾಗ ಮಾತ್ರ ಅದನ್ನು ತಡೆಹಿಡಿಯಬಹುದು. ಇದು ದಯೆಯಿಂದ ಕೊಡುವ ಕಾಗದವಲ್ಲ, ಕೇಳಿ ಪಡೆಯಬೇಕಾದ ಕಾಗದ. "ಪೊಲೀಸ್ ವರದಿಯಂತೆ ತಿರಸ್ಕರಿಸಲಾಗಿದೆ" ಎಂಬ ಒಂದೇ ಸಾಲಿನ ಹಿಂಬರಹ ಸಿಕ್ಕರೆ ಅದು ನಿಮ್ಮ ಮೇಲ್ಮನವಿಯ ಮೊದಲ ಆಧಾರ, ಏಕೆಂದರೆ ತೀರ್ಮಾನ ಪರವಾನಗಿ ಪ್ರಾಧಿಕಾರದ್ದಾಗಬೇಕು, ಠಾಣೆಯದ್ದಲ್ಲ.

ಮೇಲ್ಮನವಿ 18ನೇ ಕಲಮಿನಡಿ. ಗದಗ ಜಿಲ್ಲಾಧಿಕಾರಿಯ ಆದೇಶದ ವಿರುದ್ಧ ಬೆಳಗಾವಿಯ ಪ್ರಾದೇಶಿಕ ಆಯುಕ್ತರ ಮುಂದೆ ಹೋಗಬೇಕು. ಗಡುವು 30 ದಿನ. ತಡವಾದರೆ ಸಕಾರಣ ತೋರಿಸಿ ಮನ್ನಾ ಕೇಳಬಹುದು. ಮೇಲ್ಮನವಿಯನ್ನು ಅಧಿಕಾರಿ ನಿಮ್ಮ ಮಾತು ಕೇಳದೆ ಇತ್ಯರ್ಥ ಮಾಡುವಂತಿಲ್ಲ. ಅಲ್ಲಿಗೆ ಭಾಷಣ ಬೇಕಾಗಿಲ್ಲ. ಯಾವ ಸರ್ವೆ ನಂಬರಿನಲ್ಲಿ ಯಾವ ಬೆಳೆ, ಯಾವ ತಿಂಗಳಲ್ಲಿ ಎಷ್ಟು ಹಾನಿ, ಅರಣ್ಯ ಇಲಾಖೆಗೆ ಬೆಳೆ ಪರಿಹಾರಕ್ಕೆ ಕೊಟ್ಟ ಅರ್ಜಿಯ ಪ್ರತಿ, ಪಂಚನಾಮೆ, ಫೋಟೊ, ಇವಿಷ್ಟನ್ನು ಜೋಡಿಸಿದರೆ ಸಾಕು. ಪರಿಹಾರಕ್ಕೆ ಹಿಂದೆ ಅರ್ಜಿಯನ್ನೇ ಹಾಕದವರು ಹಾನಿಯನ್ನು ಸಾಬೀತು ಮಾಡಲು ಒದ್ದಾಡುತ್ತಾರೆ. ಸಣ್ಣ ಹಾನಿಯಾದರೂ ಆಗಿಂದಾಗ ದಾಖಲು ಮಾಡಿಸಿ.

ಅಲ್ಲಿಯೂ ಸೋತರೆ ಸಂವಿಧಾನದ 226ನೇ ವಿಧಿಯಡಿ ರಿಟ್ ಅರ್ಜಿ. ಗದಗಿನವರಿಗೆ ಬೆಂಗಳೂರಿಗೆ ಓಡುವ ಕಷ್ಟವಿಲ್ಲ. ಧಾರವಾಡದಲ್ಲಿ 2008ರಲ್ಲಿ ಸಂಚಾರಿ ಪೀಠವಾಗಿ ಶುರುವಾಗಿ 2013ರಲ್ಲಿ ಕಾಯಂ ಆದ ಹೈಕೋರ್ಟ್ ಪೀಠವಿದೆ. ಮೇಲ್ಮನವಿ ಬಿಟ್ಟು ನೇರವಾಗಿ ಹೋದರೆ ಸಾಮಾನ್ಯವಾಗಿ ಮೊದಲು ಅಲ್ಲಿಗೆ ಹೋಗಿ ಬನ್ನಿ ಎಂದು ವಾಪಸು ಕಳಿಸುತ್ತಾರೆ. ಅರ್ಜಿಯ ಮೇಲೆ ಯಾವ ತೀರ್ಮಾನವನ್ನೂ ಮಾಡದೆ ಕೂತಿದ್ದಾಗ ಮಾತ್ರ, ಇಷ್ಟು ದಿನದೊಳಗೆ ತೀರ್ಮಾನಿಸಿ ಎಂಬ ನಿರ್ದೇಶನ ಕೇಳಿ ನೇರವಾಗಿ ಹೋಗಬಹುದು. ಹೈಕೋರ್ಟ್ ಬಂದೂಕಿನ ಪರವಾನಗಿಯನ್ನು ತಾನೇ ಬರೆದು ಕೊಡುವುದಿಲ್ಲ. ಕಾರಣವಿಲ್ಲದ ಆದೇಶ, ಅಹವಾಲು ಕೇಳದ ಆದೇಶ, ಕಾನೂನಿನಲ್ಲಿ ಇಲ್ಲದ ಕಾರಣ ಕೊಟ್ಟ ಆದೇಶವನ್ನು ರದ್ದು ಮಾಡಿ ಮತ್ತೆ ಪರಿಶೀಲಿಸಿ ಎಂದು ಕಳಿಸುತ್ತದೆ. ಗೆಲುವು ಎಂದರೆ ಇಷ್ಟೇ. ಇದನ್ನು ಮೊದಲೇ ತಿಳಿದು ವಕೀಲರ ಫೀ ಲೆಕ್ಕ ಹಾಕಿ.

ಇದ್ದ ಪರವಾನಗಿಯನ್ನು ಅಮಾನತು ಮಾಡಿದಾಗ, ರದ್ದು ಮಾಡಿದಾಗಲೂ ಇದೇ ಮೆಟ್ಟಿಲುಗಳು. 17ನೇ ಕಲಮು ಕಾರಣ ಬರೆಯಬೇಕು ಎನ್ನುತ್ತದೆ. ಒಂದು ಕ್ರಿಮಿನಲ್ ಪ್ರಕರಣ ಬಾಕಿ ಇದೆ ಎಂಬಷ್ಟೇ ಕಾರಣ ಸಾಲದು, ಆ ಬಂದೂಕಿನಿಂದ ಸಾರ್ವಜನಿಕ ಶಾಂತಿಗೆ ಏನು ಅಪಾಯ ಎಂದು ತೋರಿಸಬೇಕೆಂದು ಹೈಕೋರ್ಟುಗಳು ಮತ್ತೆ ಮತ್ತೆ ಹೇಳಿವೆ.

ಚುನಾವಣೆ ಬಂತೆಂದರೆ

ಹಳ್ಳಿಯ ಪರವಾನಗಿದಾರರು ಹೆಚ್ಚು ಗೊಣಗುವುದು ಚುನಾವಣೆಗೆ ಬಂದೂಕು ಒಪ್ಪಿಸಬೇಕಾದ ವಿಷಯಕ್ಕೆ. 2024ರ ಲೋಕಸಭಾ ಚುನಾವಣೆಯ ನೀತಿಸಂಹಿತೆ ಮಾರ್ಚ್ 16ಕ್ಕೆ ಜಾರಿಯಾಗಿ ಜೂನ್ 6ರವರೆಗೆ ಇತ್ತು. ನಮ್ಮ ಕಡೆ ಮತದಾನ ಮೇ 7ಕ್ಕೆ. ಇಂಥ ಕಾಲದಲ್ಲಿ ಬಂದೂಕು ಠಾಣೆಗೆ ಒಪ್ಪಿಸಿದವನ ಹೊಲ ಎರಡೂವರೆ ತಿಂಗಳು ಕಾವಲಿಲ್ಲದೆ ಉಳಿಯುತ್ತದೆ. ನೀರಾವರಿ ಇದ್ದವರಿಗೆ ಅದು ನಷ್ಟದ ಕಾಲ. ಚುನಾವಣಾ ಆಯೋಗದ ಸೂಚನೆ ಎಲ್ಲರಿಂದಲೂ ಕಿತ್ತುಕೊಳ್ಳಿ ಎಂದಲ್ಲ. ಜಾಮೀನಿನ ಮೇಲೆ ಇರುವವರು, ಅಪರಾಧದ ಹಿನ್ನೆಲೆ ಇರುವವರು, ಗಲಭೆಯಲ್ಲಿ ಭಾಗಿಯಾದವರು, ಇಂಥವರ ಪರವಾನಗಿಗಳನ್ನು ಪರಿಶೀಲನಾ ಸಮಿತಿ ಒಂದೊಂದಾಗಿ ನೋಡಿ ತೀರ್ಮಾನಿಸಬೇಕು. ಫಲಿತಾಂಶ ಬಂದು ಒಂದು ವಾರದೊಳಗೆ ಮರಳಿಸಬೇಕು. ಎಲ್ಲರಿಗೂ ಒಂದೇ ಆದೇಶ ಹೊರಡಿಸುವುದು ಸರಿಯಲ್ಲ ಎಂದು ಅಲಹಾಬಾದ್ ಹೈಕೋರ್ಟ್ 2024ರಲ್ಲಿ ಹೇಳಿದೆ. ಅದು ಬೇರೆ ರಾಜ್ಯದ ಹೈಕೋರ್ಟು, ನಮ್ಮಲ್ಲಿ ಕಟ್ಟುಪಾಡಲ್ಲ, ಆದರೆ ವಾದಕ್ಕೆ ತೂಕ ಕೊಡುತ್ತದೆ. ವಿನಾಯಿತಿ ಬೇಕಾದವರು ಚುನಾವಣೆ ಘೋಷಣೆಯಾದ ಕೂಡಲೇ ಬೆಳೆಯ ವಿವರದೊಂದಿಗೆ ಸಮಿತಿಗೆ ಅರ್ಜಿ ಕೊಡಿ. ಒಪ್ಪಿಸಲೇಬೇಕು ಎಂದರೆ ಒಪ್ಪಿಸಿ, ರಸೀದಿ ಪಡೆಯಿರಿ. ಆದೇಶ ಇದ್ದಾಗ ಇಟ್ಟುಕೊಂಡು ಸಿಕ್ಕಿಬಿದ್ದರೆ ಪರವಾನಗಿಯೇ ಹೋಗುತ್ತದೆ.

ಮನೆಯಲ್ಲಿ ಹಿರಿಯರ ಬಂದೂಕು ಇದ್ದವರಿಗೆ ಒಂದು ಮಾತು. ಪರವಾನಗಿದಾರ ತೀರಿಕೊಂಡ ಕ್ಷಣದಿಂದ ಆ ಬಂದೂಕು ಮನೆಯಲ್ಲಿರುವುದು ಅಕ್ರಮ. ಕಾರ್ಯಗಳೆಲ್ಲ ಮುಗಿಯಲಿ ಎಂದು ತಿಂಗಳುಗಟ್ಟಲೆ ಅಟ್ಟದ ಮೇಲೆ ಇಡಬೇಡಿ. ತಡ ಮಾಡದೆ ಠಾಣೆಯಲ್ಲಿ ಅಥವಾ ಪರವಾನಗಿ ಪಡೆದ ಮಾರಾಟಗಾರರಲ್ಲಿ ಜಮಾ ಮಾಡಿ, ವಾರಸುದಾರರ ಹೆಸರಿಗೆ ಅರ್ಜಿ ಹಾಕಿ. ತಂದೆಗೆ 70 ವರ್ಷ ತುಂಬಿದ್ದರೆ ಅಥವಾ ಬಂದೂಕು ಹೊಂದಿ 25 ವರ್ಷ ಕಳೆದಿದ್ದರೆ ಅವರು ಬದುಕಿರುವಾಗಲೇ ಮಗನೋ ಮಗಳೋ ತಮ್ಮ ಹೆಸರಿಗೆ ಕೇಳಬಹುದು. ಅಜ್ಜನ ಹಳೇ ಬಂದೂಕು ಪರವಾನಗಿ ಇಲ್ಲದೆ ಸಿಕ್ಕರೂ 2019ರ ತಿದ್ದುಪಡಿಯ ನಂತರ ಕನಿಷ್ಠ ಶಿಕ್ಷೆ 2 ವರ್ಷ, ಗರಿಷ್ಠ 5 ವರ್ಷ.

ಇಷ್ಟೆಲ್ಲ ದಾಟಿ ಪರವಾನಗಿ ಕೈಗೆ ಬಂದರೂ ಅದು ಬಂದೂಕು ಇಟ್ಟುಕೊಳ್ಳಲು ಕೊಟ್ಟ ಅನುಮತಿ, ಪ್ರಾಣಿ ಕೊಲ್ಲಲು ಕೊಟ್ಟದ್ದಲ್ಲ. ಚಿಗರಿ ವನ್ಯಜೀವಿ ಕಾಯ್ದೆಯ ಒಂದನೇ ಅನುಸೂಚಿಯಲ್ಲಿದೆ. ಹೊಲದಲ್ಲಿ ನಿಂತು ಮೇಯುತ್ತಿದ್ದರೂ ಅದಕ್ಕೆ ಗುರಿ ಇಡುವಂತಿಲ್ಲ. ಹಂದಿಯಾದರೂ 11ನೇ ಕಲಮಿನಡಿ ಅಧಿಕೃತ ಅಧಿಕಾರಿಯ ಲಿಖಿತ ಅನುಮತಿ ಇಲ್ಲದೆ ಹೊಡೆಯಬಾರದು. ಗಾಳಿಗೆ ಹಾರಿಸಿ ಬೆದರಿಸಿ ಓಡಿಸಿ. ಹಾನಿಗೆ ಪರಿಹಾರ ಕೇಳಿ. ಅರ್ಜಿ ತಿರಸ್ಕೃತವಾದವರು ಇವತ್ತೇ ಆದೇಶದ ಪ್ರತಿ ತೆಗೆದು ಅದರ ದಿನಾಂಕ ನೋಡಿ. 30 ದಿನ ಮುಗಿಯುವ ಮುನ್ನ ಬೆಳಗಾವಿಗೆ ಮೇಲ್ಮನವಿ ಕಳಿಸಿ.